ಸಸಿ ಹಿಡಿದ ಫೋಟೊ

ಹಾನುಬಾಳು
ಜನವರಿ 2009

ಎಸ್ಟೇಟ್ ಮ್ಯಾನೇಜರ್ ಸಾಹೇಬರಿಗೆ ಹೂವಮ್ಮ ಮಾಡುವ ನಮಸ್ಕಾರ.

ಕಾಫಿ ಹಣ್ಣು ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ ಎಂದು ಕೇಳಲು ನಾನೂ ನೆರೆಮನೆಯ ರತ್ನಮ್ಮನೂ ಒಟ್ಟಿಗೇ ನಿಮ್ಮಲ್ಲಿಗೆ ಬಂದಿದ್ದೆವು. ಆಮೇಲೆ ನೀವು ನನ್ನೊಬ್ಬಳನ್ನೇ ಕರೆಸಿ, ನೀರು ನಿಲ್ಲಿಸುತ್ತೇವೆಂದು ಮಾತು ಕೊಟ್ಟು, ಕೈಗೊಂದು ಸಸಿ ಕೊಟ್ಟು ಫೋಟೊ ಹೊಡೆಸಿದಿರಿ. ನಾನು ನಂಬಿ ನಕ್ಕೆ.

ಆ ಫೋಟೊವನ್ನು ನಿಮ್ಮ ಎಸ್ಟೇಟಿನ ಕಂಪನಿಯವರು ಕಂಪ್ಯೂಟರಿನಲ್ಲಿ, ಆರ್ಕುಟ್ ಎಂಬಲ್ಲಿ ಹಾಕಿದ್ದಾರಂತೆ. ಕೆಳಗೆ "ಹಳ್ಳ ಶುದ್ಧವಾಯಿತು, ಗ್ರಾಮಸ್ಥರಿಗೆ ಸಂತೋಷ" ಎಂದಿದೆಯಂತೆ. ಸಕಲೇಶಪುರದ ಸೈಬರ್ ಸೆಂಟರಿನಲ್ಲಿ ನೋಡಿದವರು ಊರಿಗೆಲ್ಲ ಹೇಳಿದರು.

ಹಳ್ಳ ಇವತ್ತೂ ಕಪ್ಪಗಾಗಿ ನಾರುತ್ತಿದೆ. ಆ ನೀರು ಕುಡಿದು ರತ್ನಮ್ಮನ ಹಸು ಸತ್ತಿತು. ಮಾತಾಡಿಸಲು ಹೋದರೆ, "ನೀನು ಕಂಪನಿಯೋಳಾಗ್ಬುಟ್ಟೆ ಕಣೇ, ಇಲ್ಲಿಗ್ಯಾಕೆ ಬಂದೆ?" ಎಂದು ಬಾಗಿಲು ಹಾಕಿಕೊಂಡಳು. ಕುಡಿಯುವ ನೀರಿಗೆ ಈಗ ಹೆಂಗಸರೆಲ್ಲ ಗುಡ್ಡದ ಒರತೆಗೆ ಗುಂಪಾಗಿ ಹೋಗುತ್ತಾರೆ. ಅವರು ವಾಪಸಾದ ಮೇಲೆ ನಾನು ಹೋಗುತ್ತೇನೆ.

ದಯವಿಟ್ಟು ಕೊಳೆನೀರು ನಿಲ್ಲಿಸಿ. ಆ ಫೋಟೊವನ್ನು ಅಲ್ಲಿಂದ ಅಳಿಸಿಹಾಕಿಸಿ. ಅಳಿಸಿದ ಸುದ್ದಿಯನ್ನು ನನಗೆ ಹೇಳಿ ಕಳಿಸುವುದು ಬೇಡ, ರತ್ನಮ್ಮನಿಗೇ ಹೇಳಿ. ನಾನು ಕರೆದರೆ ಅವಳು ಬಾಗಿಲು ತೆಗೆಯುವುದಿಲ್ಲ.

ಇಂತಿ,
ಹೂವಮ್ಮ