ಹೊಸ ಪೆಟ್ಟಿಗೆಗೆ ಗೊತ್ತಿದ್ದ ದಾರಿ

ಅಕ್ಟೋಬರ್ ೧೪, ಮಂಗಳವಾರ.

ದುರಸ್ತಿ ವರದಿಗೆ ಇನ್ನೂ ಸಹಿ ಹಾಕಿಲ್ಲ. ಏನೆಂದು ಬರೆದು ಹಾಕಲಿ?

ಔಷಧಿ ಸಿಂಪಡಿಸುವ ಆ ಆನೆಗಾತ್ರದ ಯಂತ್ರದಲ್ಲಿ, ದಾರಿ ನೆನಪಿಟ್ಟುಕೊಂಡು ತಾನೇ ಸ್ಟಿಯರಿಂಗ್ ತಿರುಗಿಸುವ ಪೆಟ್ಟಿಗೆಯೊಂದಿದೆ. ಅದು ಕೆಟ್ಟಿತ್ತು. ಬೆಳಿಗ್ಗೆ ಹೊಸದು ಕೂರಿಸಿದೆ. ಟ್ಯಾಂಕಿಗೆ ಬರೀ ನೀರು ತುಂಬಿ, ಹೊಲದ ಈ ತುದಿಯಿಂದ ಆ ತುದಿಗೆ ನೇರ ಗೆರೆ ಕೊಟ್ಟು, ಕೈ ಬಿಟ್ಟು ಕೂತೆ. ನಡುಹೊಲದಲ್ಲಿ ಸ್ಟಿಯರಿಂಗ್ ಗರ್ರನೆ ತಿರುಗಿತು. ಯಂತ್ರ ಏನೂ ಇಲ್ಲದ ಜಾಗವೊಂದನ್ನು ಅರ್ಧ ಸುತ್ತು ಬಳಸಿ ಮತ್ತೆ ಗೆರೆಗೆ ಬಂತು. ಮೂರು ಸಲವೂ ಅಲ್ಲೇ.

ಹೊಲದ ಒಡತಿ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಈ ಯಂತ್ರ ಓಡಿಸುತ್ತಿದ್ದ ಅವರ ಗಂಡ ತೀರಿಕೊಂಡು ಇನ್ನೂ ವರ್ಷವಾಗಿಲ್ಲ.

"ಅಲ್ಲೊಂದು ಬಾವಿ ಇತ್ತು," ಅಂದರು. "ಅವರು ಹೋದ್ಮೇಲೆ ಮುಚ್ಚಿಸಿದ್ವಿ. ಹಳೇ ಪೆಟ್ಟಿಗೆಗೆ ಅದು ಗೊತ್ತಿತ್ತು."

"ಹಳೇದು ನನ್ನ ಚೀಲದಲ್ಲಿದೆಯಮ್ಮ. ಇದಕ್ಕೆ ಯಾರೂ ಏನೂ ಹೇಳ್ಕೊಟ್ಟಿಲ್ಲ."

ಅವರು ಬಾವಿಯಿದ್ದ ಕಡೆಗೇ ನೋಡಿದರು. "ಹಾಗಾದ್ರೆ ಸರಿ ಮಾಡೋಕೆ ಹೋಗ್ಬೇಡಿ."

ಮೂವತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿದವನು ನಾನು. ದೆವ್ವ ರಿಪೇರಿ ಮಾಡಿ ಅಭ್ಯಾಸವಿಲ್ಲ. ನೆಲವೇ ಓರೆಯಿರಬಹುದೆಂದು ಇಳಿದೆ. ಆಚೆ ಬದುವಿನ ಕಂಬದ ಮೇಲೆ ಕಣ್ಣಿಟ್ಟು ನೇರವಾಗಿ ನಡೆದುಹೋದೆ. ನೆಲ ಅಂಗೈಯಷ್ಟು ಸಮವಾಗಿತ್ತು. ಕಂಬ ಮುಟ್ಟಿ ತಿರುಗಿ ನೋಡಿದೆ.

ಹಸಿ ಮಣ್ಣಿನಲ್ಲಿ ನನ್ನ ಹೆಜ್ಜೆಗಳೂ ಆ ಜಾಗವನ್ನು ಅರ್ಧ ಸುತ್ತು ಬಳಸಿ ಬಂದಿದ್ದವು.

ನಾನು ನೇರವಾಗಿಯೇ ನಡೆದಿದ್ದೆ. ಕಂಬದಿಂದ ಕಣ್ಣು ಕಿತ್ತಿರಲೇ ಇಲ್ಲ. ನೇರವಾಗಿಯೇ...