ಬಳುಕುವ ಚಾಕು

ಅಕ್ಕಾ,

ನೀನು ಕಣ್ಮುಚ್ಚಿದ ಮೇಲೆ ಮೊದಲ ಸಲ ಮೀನು ಕೊಯ್ಯೋ ಚಾಕು ಕೊಳ್ಳೋಕೆ ನಾನೇ ಹೋಗಿದ್ದೆ. ಇಷ್ಟು ವರ್ಷ ನೀನು ನನಗೆ ತಂದುಕೊಡುತ್ತಿದ್ದಂಥದ್ದೇ, ದಪ್ಪ ಅಲಗಿನದನ್ನು ಎತ್ತಿಕೊಂಡೆ. ಅಂಗಡಿಯವನು ನಕ್ಕುಬಿಟ್ಟ.

"ಅದು ತಲೆ ಕಡಿಯೋಕಮ್ಮ. ಮುಳ್ಳಿಂದ ಮಾಂಸ ಬಿಡಿಸೋಕೆ ಅಲಗು ಬಳುಕಬೇಕು. ನಿಮ್ಮಕ್ಕ ತಮಗೆ ಅಂತ ಇದನ್ನೇ ಒಯ್ತಿದ್ರು." ತೆಳ್ಳಗಿನ ಚಾಕುವಿನ ತುದಿಯನ್ನು ಹಲಗೆಗೆ ಒತ್ತಿ, ಬಿಲ್ಲಿನ ಹಾಗೆ ಬಗ್ಗಿಸಿ ತೋರಿಸಿದ.

ಬಳುಕೋ ಚಾಕು ಕೈ ಕೊಡುತ್ತೆ ಅಂತಿದ್ದೆಯಲ್ಲಕ್ಕಾ! ನಿಂದ್ಯಾಕೆ ಅಷ್ಟು ತೆಳ್ಳಗಿದೆ ಅಂತ ಕೇಳಿದರೆ, ಮಸೆದು ಮಸೆದು ಸವೆದಿದೆ ಅಂದೆ. ಅಕ್ಕಪಕ್ಕ ಕೂತು ಮೀನು ಕೊಯ್ಯುವಾಗ, ನನ್ನ ಮುಳ್ಳಿಗೆ ಅರ್ಧ ಮಾಂಸ ಅಂಟಿಕೊಂಡಿದ್ದನ್ನು ಗಿರಾಕಿಗಳಿಗೆ ಎತ್ತಿ ತೋರಿಸಿ, "ಎಲ್ಲಾ ಕೈಗುಣ, ಕಲಿಸಿದರೆ ಬರಲ್ಲ" ಅನ್ನುತ್ತಿದ್ದೆ. ನಾನು ಪೆದ್ದಿ, ನನ್ನ ಕೈಗೇ ಶಾಪ ಹಾಕಿಕೊಂಡೆ. ಒಡಹುಟ್ಟಿದವಳಿಗೆ ಹೀಗೆ ಮಾಡ್ತಾರಾ?

ಇವತ್ತು ಹೊಸ ಚಾಕು ಹಿಡಿದು ಕೂತೆ. ಮುಳ್ಳು ಬಾಚಣಿಗೆಯ ಹಾಗೆ ಸ್ವಚ್ಛವಾಗಿ ಎದ್ದು ಬಂತು. ನಿನ್ನ ಹತ್ತಿರ ಮಾತ್ರ ಕೊಳ್ಳುತ್ತಿದ್ದ ಟೀಚರು ನೋಡಿ, "ಥೇಟ್ ನಿಮ್ಮಕ್ಕನ ಕೈ!" ಅಂತ ಕಣ್ಣೊರೆಸಿಕೊಂಡರು.

ಕೈಯಲ್ಲ, ಚಾಕು ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, ಹೌದು ಅಂದೆ.