ಜಾಗ ಕಾದವಳು

ಮನೆಯಿಂದ,
ಭಾನುವಾರ, ಜೂನ್ ೧೨

ಪ್ರೀತಿಯ ಗುಬ್ಬಿಗೆ,

ನೀನು ಚೆನ್ನಾಗಿರುವೆ ಎಂದು ಪತ್ರಿಕೆಯ ಆಟದ ಪುಟ ನೋಡಿ ತಿಳಿದುಕೊಂಡೆ, ಆದ್ದರಿಂದ ಕ್ಷೇಮ ವಿಚಾರಿಸುವ ಕೆಲಸ ತಪ್ಪಿತು. ನಾವೂ ಇದ್ದೇವೆ. ಅಮ್ಮ ಈಗ ಕೋಲು ಹಿಡಿದು ಬಾಗಿಲ ತನಕ ಓಡಾಡುತ್ತಾಳೆ. ನಿನ್ನ ಕಾಗದ ಬಂದು ವಾರಗಳೇ ಆದವು. ಉತ್ತರ ತಡವಾಯಿತು, ಬೇಸರಿಸಬೇಡ. ಬರೆಯಲು ಕೂತಾಗಲೆಲ್ಲ ಬಾಯಿಗೆ ಬರುತ್ತಿದ್ದ ಮಾತು ಅಂಚೆಯಲ್ಲಿ ಕಳಿಸುವಂಥದ್ದಾಗಿರಲಿಲ್ಲ.

ಆಸ್ಪತ್ರೆಯ ಲಾಂಡ್ರಿ ನೀನು ಬಿಟ್ಟುಹೋದ ಹಾಗೆಯೇ ಇದೆ. ಹಬೆಯ ಇಸ್ತ್ರಿ ಯಂತ್ರ ಹೊಸದು ಬಂತು, ಮೇಲ್ವಿಚಾರಕಿಯ ಮುಖ ಹಳೆಯದೇ. ಹಾಸಿಗೆ ಬಟ್ಟೆ ಮಡಚಲು ಎದುರು ತುದಿಗೆ ಒಬ್ಬ ಹೊಸಬಳನ್ನು ಕೊಟ್ಟಿದ್ದಾರೆ. ಒಳ್ಳೆಯವಳು, ಆದರೆ ನಾನು ಎಳೆಯುವಾಗ ಅವಳು ಬಿಡುತ್ತಾಳೆ. ದಿನಕ್ಕೆ ನಾಲ್ಕು ಸಲ ಬಟ್ಟೆ ನೆಲ ಮುಟ್ಟುತ್ತದೆ, ಮತ್ತೆ ಒಗೆತಕ್ಕೆ ಹೋಗುತ್ತದೆ.

‘ಆಟ ಆಟವೇ ಕಣೇ, ಮನಸ್ಸಿಗೆ ಹಚ್ಚಿಕೋಬೇಡ. ನಿಮ್ಮ ಕಡೆ ಏನಾಯ್ತು ಅಂತ ನಿನ್ನ ಬಾಯಿಂದಲೇ ಕೇಳಬೇಕು’ ಎಂದು ಬರೆದಿದ್ದೀಯ. ಕೇಳು ಹಾಗಾದರೆ.

ಹಳೇ ಮಾಸ್ತರರ ಕಾಲ ನಿನಗೆ ನೆನಪಿದೆ. ಫುಟ್ಬಾಲಿನಲ್ಲಿ ಎದುರಿನವರಿಗೆ ಕಾರ್ನರ್, ಅಂದರೆ ಮೂಲೆಯ ಒದೆತ, ಬಂತೆಂದರೆ ಅವರ ಒಬ್ಬೊಬ್ಬರನ್ನು ಕಾಯಲು ನಮ್ಮವರು ಒಬ್ಬೊಬ್ಬರು. ‘ಅವಳು ನೀರು ಕುಡಿಯೋಕೆ ಹೋದ್ರೆ ನೀನೂ ಹೋಗು, ಬಾಯಾರಿಕೆ ಇಲ್ದಿದ್ರೂ ಕುಡಿ’ ಅನ್ನುತ್ತಿದ್ದರು. ಅಭ್ಯಾಸದಲ್ಲಿ ನನ್ನ ಪಾಲಿಗೆ ಯಾವಾಗಲೂ ನೀನು. ಕಂಬಕ್ಕೆ ಗುಬ್ಬಿ ಎಂದು ಎಲ್ಲರೂ ನಗುತ್ತಿದ್ದರು. ನೀನು ಓಡುವ ಮುನ್ನ ಎಡಗಾಲ ಹಿಮ್ಮಡಿ ಎತ್ತುತ್ತೀಯ, ಅದು ನನಗೊಬ್ಬಳಿಗೇ ಗೊತ್ತಿತ್ತು. ನಿನಗೂ ಗೊತ್ತಿರಲಿಲ್ಲ.

ನೀನು ನಮ್ಮನ್ನು ಬಿಟ್ಟು ಈಗಿನ ತಂಡಕ್ಕೆ ಹೋದ ಮೇಲೆ ಬಂದ ಕೋಚ್ ಅದನ್ನೆಲ್ಲ ಅಳಿಸಿ ಹಾಕಿದರು. ಬಟ್ಟೆ ಬದಲಾಯಿಸುವ ಕೋಣೆಯ ಗೋಡೆಯ ಮೇಲೆ ಹಿಂದಿನ ವರ್ಷ ನಾವು ತಿಂದ ಗೋಲುಗಳ ವಿಡಿಯೊ ಎಲ್ಲ ಹಾಕಿ ತೋರಿಸಿದರು. ಎದುರಿನವರು ಇಬ್ಬರು ನಮ್ಮ ಹುಡುಗಿಗೆ ಅಡ್ಡ ನಿಲ್ಲುತ್ತಾರೆ, ಮೂರನೆಯವಳು ಸಲೀಸಾಗಿ ಹೋಗಿ ಚೆಂಡಿಗೆ ತಲೆ ಕೊಡುತ್ತಾಳೆ. ‘ಆಳಿನ ಹಿಂದೆ ಹೋದ್ರೆ ಅವಳು ಎಲ್ಲಿಗೆ ಕರ್ಕೊಂಡು ಹೋಗ್ತಾಳೋ ಅಲ್ಲಿಗೆ ಹೋಗ್ತೀರಿ. ಗೋಲು ಮಾತ್ರ ಅಲ್ಲೇ ಇರುತ್ತೆ. ಅದರ ಮುಂದಿನ ಜಾಗ ಕಾಯಿರಿ. ಕಣ್ಣು ಚೆಂಡಿನ ಮೇಲಿರಲಿ, ಯಾರು ಬಂದ್ರೂ ನಿಮಗೆ ಸಂಬಂಧ ಇಲ್ಲ’ ಅಂದರು. ಸುಣ್ಣದಲ್ಲಿ ಚೌಕ ಎಳೆದು ಒಬ್ಬೊಬ್ಬಳನ್ನು ಒಂದೊಂದರಲ್ಲಿ ನಿಲ್ಲಿಸಿದರು. ಗೋಲಿನ ನಡುವಿನ ಚೌಕ ನನಗೆ. ಪಕ್ಕದ್ದು, ಹತ್ತಿರದ ಗೋಲುಕಂಬದ ಕಡೆಯದು, ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿಗೆ.

ಅವರು ಹೇಳಿದ್ದು ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಈ ವರ್ಷ ಕಾರ್ನರಿನಿಂದ ನಾವು ಗೋಲು ತಿಂದದ್ದೇ ಅಪರೂಪ. ಮೇಲಿನ ದರ್ಜೆಗೆ ಏರಲು ಕೊನೆಯ ಪಂದ್ಯ ಸಮ ಮಾಡಿಕೊಂಡರೂ ಸಾಕಿತ್ತು. ಎದುರಿಗೆ ನಿಮ್ಮ ತಂಡ, ನೀವು ಏರಲು ಗೆಲ್ಲಲೇಬೇಕಿತ್ತು.

ಪಂದ್ಯದ ಹಿಂದಿನ ದಿನ ನಾನು ಕೋಚ್ ಹತ್ತಿರ ಹೋದೆ. ‘ಸರ್, ನಾಳೆ ಒಂದಿನ ಗುಬ್ಬೀನ ನಂಗೆ ಬಿಡಿ. ಉಳಿದವರೆಲ್ಲ ಅವರವರ ಜಾಗದಲ್ಲೇ ಇರಲಿ.’

‘ಯಾಕೆ?’

‘ನಂಗೆ ಅವಳು ಗೊತ್ತು.’

‘ನಿಮಗೆ ಅವಳು ಗೊತ್ತು ಅಂತಲೇ ನಂಗೆ ಭಯ’ ಅಂದರು. ‘ನೀವು ಚೆಂಡು ಬಿಟ್ಟು ಅವಳನ್ನ ನೋಡ್ತೀರಿ. ಒಬ್ಬರಿಗೆ ವಿನಾಯ್ತಿ ಕೊಟ್ರೆ ಸಾಲು ಒಡೆಯುತ್ತೆ.’

ಮುಗಿಯಿತು. ನಾನು ಕೈ ಕಟ್ಟಿ ಬಂದೆ.

ಆಮೇಲಿನದು ನಿನಗೆ ಗೊತ್ತಿದೆ, ಆದರೂ ನಾನು ನಿಂತಲ್ಲಿಂದ ಕೇಳು. ಆಟ ಮುಗಿಯುತ್ತ ಬಂದಿತ್ತು. ಇಬ್ಬರದೂ ಸೊನ್ನೆ. ನಿಮಗೆ ಕಾರ್ನರ್ ಸಿಕ್ಕಿತು. ಇಡೀ ವರ್ಷ ನಿಮ್ಮವರು ಅದನ್ನು ನೇರವಾಗಿ ದೂರದ ಗೋಲುಕಂಬಕ್ಕೆ ಹೊಡೆದವರು. ಅವತ್ತು ಮೂಲೆಯ ಹತ್ತಿರವೇ ನಿಂತವಳಿಗೆ ಮೆಲ್ಲಗೆ ತಳ್ಳಿದರು. ಬೇಕರಿ ಹುಡುಗಿ ಚೆಂಡಿನ ಕಡೆ ಓಡಿದಳು. ನಾನು ಅವಳ ಚೌಕದತ್ತ ಒಂದು ಹೆಜ್ಜೆ ಸರಿದೆ, ನನ್ನದನ್ನು ಪೂರ್ತಿ ಬಿಡುವಂತಿರಲಿಲ್ಲ. ಮೂಲೆಯವಳು ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹೊಡೆದಳು. ಕಣ್ಣು ಚೆಂಡಿನ ಮೇಲಿತ್ತು, ಹೇಳಿಕೊಟ್ಟ ಹಾಗೆ. ಬೆನ್ನ ಹಿಂದೆ ಉಸಿರು ಕೇಳಿಸಿತು. ಯಾರ ಉಸಿರು ಎಂದು ನೋಡದೆಯೇ ತಿಳಿಯಿತು. ನಿಂತಲ್ಲಿಂದ ನೆಗೆದವಳು ಎಷ್ಟು ಉದ್ದವಿದ್ದರೇನು, ಓಡಿ ಬಂದು ನೆಗೆದವಳ ಸೊಂಟಕ್ಕೆ ಬರುತ್ತಾಳೆ. ನಾನು ಬಿದ್ದು ತಲೆ ಎತ್ತುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು, ನೀನು ನಿನ್ನವರ ರಾಶಿಯ ಕೆಳಗಿದ್ದೆ. ಆಟ ಮುಗಿದ ಮೇಲೆ ನಮ್ಮವರೆಲ್ಲರ ಕೈ ಕುಲುಕಿದೆಯಂತೆ. ನನ್ನ ಹತ್ತಿರ ಮಾತ್ರ ಬರಲಿಲ್ಲ. ಜನ ಬಹಳವಿತ್ತು, ಕಾಣಿಸಲಿಲ್ಲವೇನೋ ಎಂದುಕೊಂಡೆ.

ಮರುದಿನ ಪತ್ರಿಕೆಯಲ್ಲಿ ನಿನ್ನ ಮಾತು ಇತ್ತು: ‘ಅಲ್ಲಿ ಯಾರೂ ಇರಲಿಲ್ಲ, ಜಾಗ ಖಾಲಿ ಇತ್ತು, ನುಗ್ಗಿದೆ.’ ನಾನಿದ್ದೆನಲ್ಲೇ. ಆರಡಿ ಹೆಂಗಸು ಯಾರೂ ಇಲ್ಲದ ಲೆಕ್ಕಕ್ಕೆ ಹೋದೆ.

ಆ ವಾರವೇ ಕೋಚ್ ಎಲ್ಲರನ್ನೂ ಕೂರಿಸಿ ಅದೇ ಗೋಡೆಯ ಮೇಲೆ ಆ ಗೋಲು ಹಾಕಿದರು. ನೀನು ಗಾಳಿಯಲ್ಲಿರುವಾಗ ಚಿತ್ರ ನಿಲ್ಲಿಸಿ ಕೋಲಿನಿಂದ ನೆಲ ತೋರಿಸಿದರು.

‘ಈ ಜಾಗ ಯಾರದು?’

ಬೇಕರಿ ಹುಡುಗಿ ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

‘ನಂದು ಸರ್’ ಅಂದೆ.

‘ನಿಮ್ಮ ಜಾಗದಲ್ಲಿ ಅವಳು ಹೇಗೆ ಬಂದ್ಲು?’

‘ಓಡಿಕೊಂಡು ಬಂದ್ಲು ಸರ್.’

ಹಿಂದೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ಕೋಚ್ ನಗಲಿಲ್ಲ. ಆಳು ಹಂಚಿದ್ದ ಕಾಲದಲ್ಲಿ ಗೋಲು ಬಿದ್ದರೆ ‘ನಿನ್ನ ಆಳು ತಪ್ಪಿಸಿಕೊಂಡ್ಲು’ ಅನ್ನುತ್ತಿದ್ದರು, ಅರ್ಧ ತಪ್ಪಾದರೂ ಅವಳ ಮೇಲೆ ಹೋಗುತ್ತಿತ್ತು. ಜಾಗಕ್ಕೆ ಕಾಲಿಲ್ಲ, ಅದು ಓಡಿಹೋಗುವುದಿಲ್ಲ. ಬೈಗುಳವೆಲ್ಲ ನಿಂತವಳಿಗೇ.

ಬೇಕರಿ ಹುಡುಗಿ ಆಮೇಲೆ ಲಾಂಡ್ರಿಯ ಹಿಂಬಾಗಿಲಿಗೆ ಬಂದಳು. ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ‘ಅಕ್ಕಾ, ಚೆಂಡು ಹತ್ರ ಕೊಟ್ರೆ ಚೌಕ ಬಿಟ್ಟು ಹೊರಗೆ ಹೋಗು ಅಂತ ಸರ್ರೇ ಹೇಳಿದ್ದು. ನಾನು ಹೋಗಿ ಎಲ್ಲರ ಮುಂದೆ ಹೇಳಲಾ?’

‘ಹೇಳಿ ಏನು ಮಾಡ್ತೀಯ? ಗೋಲು ವಾಪಸ್ ಬರುತ್ತಾ? ನೀನು ಇನ್ನೂ ಆಡಬೇಕಾದವಳು, ಸುಮ್ನಿರು’ ಅಂದೆ.

ಮುಂದಿನ ವರ್ಷದ ತಂಡದಲ್ಲಿ ನಾನಿಲ್ಲ. ಕೋಚ್ ಬಹಳ ಮರ್ಯಾದೆಯಿಂದಲೇ ತಿಳಿಸಿದರು. ‘ನಿಮ್ಮಂಥ ಅನುಭವಸ್ಥರು ಜೊತೆಗಿರಬೇಕು. ತಂಡದ ಬಟ್ಟೆಬರೆ ನೋಡ್ಕೊಳ್ಳಿ’ ಅಂದರು. ವಾರವೆಲ್ಲ ಆಸ್ಪತ್ರೆಯ ಬಟ್ಟೆ, ರಜೆಯ ದಿನ ತಂಡದ ಬಟ್ಟೆ. ‘ಸರ್, ಒಗೆಯೋದು ನಂಗೆ ಸಂಬಳಕ್ಕೆ ಮಾತ್ರ ಬರುತ್ತೆ’ ಎಂದು ಹೇಳಿ ಬಂದುಬಿಟ್ಟೆ. ಮೈದಾನದ ಕಡೆಯಿಂದ ಹೋಗುವ ಬಸ್ಸನ್ನೂ ಬಿಟ್ಟಿದ್ದೇನೆ. ಸುತ್ತು ದಾರಿ, ಆದರೆ ಕೂರಲು ಸೀಟು ಸಿಗುತ್ತದೆ.

ಇಷ್ಟೇ ಸಮಾಚಾರ. ನೀನು ಮೇಲಿನ ದರ್ಜೆಯಲ್ಲಿ ಆಡುವವಳು, ಅಲ್ಲಿಯವರು ಒರಟಾಗಿ ಮೇಲೆ ಬೀಳುತ್ತಾರೆ, ಹುಷಾರು. ನಿನ್ನ ಮೊಣಕಾಲು ಗಟ್ಟಿಯಾಗಿರಲಿ. ತಲೆಗೆ ಪೆಟ್ಟಾಗದಿರಲಿ. ಇನ್ನೂ ಹತ್ತು ವರ್ಷ ಆಡು. ಇದನ್ನು ಹೊಟ್ಟೆಕಿಚ್ಚಿಲ್ಲದೆ ಬರೆದೆ ಎಂದರೆ ನಂಬಬೇಡ, ಆದರೂ ನಿಜವಾಗಿ ಬಯಸಿಯೇ ಬರೆದೆ.

ನಿನ್ನ,
ಕಂಬ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದು ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಪಂದ್ಯಕ್ಕೆ ಸ್ವಲ್ಪ ಮುಂಚೆ, ಅಮ್ಮನ ಸೊಂಟದ ಆಪರೇಷನ್ ಆಗಿ ಮನೆಗೆ ಬಂದಾಗ, ನೀನು ಅಷ್ಟು ದೂರದಿಂದ ನೋಡಲು ಬಂದೆ. ಅಮ್ಮನ ತಲೆ ಬಾಚಿ ಜಡೆ ಹಾಕಿದೆ. ಆಮೇಲೆ ಅಡುಗೆಮನೆಯಲ್ಲಿ ನನ್ನ ಜೊತೆ ಪಾತ್ರೆ ಒರೆಸುತ್ತ, ‘ಹೊಸ ಪದ್ಧತಿ ಒಗ್ಗಿತೇನೇ?’ ಅಂತ ಕೇಳಿದೆ. ನೀನು ತಂಡ ಬಿಟ್ಟುಹೋದ ಮೇಲೆ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಮನಸ್ಸು ಬಿಚ್ಚಿ ಹೇಳಿಕೊಂಡೆ. ಕಾರ್ನರಿನಲ್ಲಿ ಚೆಂಡು ಹತ್ತಿರ ಕೊಟ್ಟರೆ ಪಕ್ಕದ ಚೌಕದ ಹುಡುಗಿ ಹೊರಗೆ ಹೋಗುತ್ತಾಳೆ, ಎರಡು ಜಾಗ ನನ್ನೊಬ್ಬಳ ತಲೆಗೆ ಬರುತ್ತದೆ, ಆಗ ನಿಂತಲ್ಲೇ ಸಿಕ್ಕಿಕೊಳ್ಳುತ್ತೇನೆ ಅಂದೆ. ನೀನು ನನ್ನ ಬೆನ್ನು ಸವರಿ ‘ಪಾಪ ಕಣೇ ನೀನು’ ಅಂದೆ. ಅಮ್ಮ ಈಗಲೂ ಬಂದವರಿಗೆಲ್ಲ, ‘ಹೆತ್ತ ಮಗಳ ಹಾಗೆ ಬಂದು ತಲೆ ಬಾಚಿದ್ಲು’ ಎಂದು ನಿನ್ನನ್ನು ಕೊಂಡಾಡುತ್ತಾಳೆ. ನಾನು ಹೂಂ ಅನ್ನುತ್ತೇನೆ. ಅವತ್ತು ನೀನು ಬಂದದ್ದು ಅಮ್ಮನನ್ನು ನೋಡಲಿಕ್ಕೇ ತಾನೇ? ಹೌದು ಎಂದು ಒಂದು ಸಾಲು ಬರೆ. ಸುಳ್ಳಾದರೂ ಬರೆ, ಅಮ್ಮನಿಗೆ ಓದಿ ಹೇಳುತ್ತೇನೆ.